ಗಟ್ಟಿಯಾಗಿರು ಎಂದವರು

ಪಾರ್ಶ್ವವಾಯು ಬಡಿದು ಮಂಚ ಹಿಡಿದವರ ಮನೆಗಳಲ್ಲಿ ಅವಳಿಗಿದ್ದ ಹೆಸರು ಗಟ್ಟಿಗಿತ್ತಿ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ನೋಡಿದರೆ ಅಂಥ ದೊಡ್ಡ ಆಳೇನಲ್ಲ. ಆದರೂ ತನ್ನ ಎರಡರಷ್ಟು ತೂಕದ ಗಂಡಸನ್ನು ಹಾಸಿಗೆಯಿಂದ ಎಬ್ಬಿಸಿ ಕುರ್ಚಿಗೆ ಕೂರಿಸುವುದು ಅವಳಿಗೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ರೋಗಿಯ ಮೊಣಕಾಲುಗಳನ್ನು ತನ್ನ ಮೊಣಕಾಲುಗಳಿಂದ ಒತ್ತಿ ಹಿಡಿದು, ಕಂಕುಳ ಕೆಳಗೆ ಕೈ ತೂರಿಸಿ, ಬೆನ್ನ ಹಿಂದೆ ಬೆರಳಿಗೆ ಬೆರಳು ಹೆಣೆದು, ತೊಟ್ಟಿಲು ತೂಗಿದ ಹಾಗೆ ಹಿಂದಕ್ಕೂ ಮುಂದಕ್ಕೂ ತೂಗಿ ಒಂದೇ ಉಸಿರಿಗೆ ಎತ್ತುತ್ತಿದ್ದಳು. ಎತ್ತಿಸಿಕೊಂಡವರಿಗೆ ತಾವೇ ಎದ್ದು ನಿಂತಂತೆ ಅನ್ನಿಸುತ್ತಿತ್ತು. ಕೆಲವರಿಗೆ ಅಷ್ಟಕ್ಕೇ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳು ಮಾತ್ರ ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ದಿಂಬು ಸರಿಮಾಡಿ, ಮುಂದಿನ ಕೆಲಸಕ್ಕೆ ಹೋಗುತ್ತಿದ್ದಳು.

ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳ ವಾಸ. ಜೊತೆಗಿದ್ದವಳು ಅತ್ತೆ, ಅಂದರೆ ಸತ್ತ ಗಂಡನ ತಾಯಿ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಮನೆಯಲ್ಲಿ ಇಬ್ಬರಿಗೂ ಇದ್ದದ್ದು ಒಂದೇ ಕಾಲ, ಒಂದೇ ಹಗೆ. ಬೇರೆ ಮನೆಗಳಲ್ಲಿ ಅತ್ತೆ ಸೊಸೆಯರು ಒಬ್ಬರನ್ನೊಬ್ಬರು ಕಂಡು ಹಲ್ಲು ಕಡಿಯುತ್ತಾರೆ. ಇವರಿಬ್ಬರೂ ಸೇರಿ ಒಬ್ಬ ಮೂರನೆಯವನ ಮೇಲೆ ಹಲ್ಲು ಕಡಿಯುತ್ತಿದ್ದರು. ಹಾಗಾಗಿ ಅವರ ನಡುವೆ ಜಗಳವೇ ಇರಲಿಲ್ಲ.

ಆ ಮೂರನೆಯವರು, ಪಾದ್ರಿಗಳಾಗಲು ಬಂದವರಿಗೆ ಪಾಠ ಹೇಳುವ ಕಾಲೇಜಿನ ಪ್ರಿನ್ಸಿಪಾಲರು. ಗಟ್ಟಿಗಿತ್ತಿಯ ಗಂಡ ಅಲ್ಲಿ ಜವಾನನಾಗಿದ್ದ. ಗಂಟೆ ಹೊಡೆಯುವುದು, ಬೆಂಚು ಒರೆಸುವುದು, ಯಾರಾದರೂ ಎತ್ತು ಎಂದದ್ದನ್ನು ಎತ್ತುವುದು. ಹೊಸ ಕಟ್ಟಡದ ಮೇಲಂತಸ್ತಿಗೆ ಗ್ರಂಥಾಲಯ ಸಾಗಿಸುವ ದಿನ ಬಂತು. ಮರದ ಪೆಟ್ಟಿಗೆಗಳ ತುಂಬ ಪುಸ್ತಕ. ಅವನೂ ಇನ್ನೊಬ್ಬನೂ ಬೆಳಗಿನಿಂದ ಹೊತ್ತು ಹೊತ್ತು ಮೇಲೆ ಸಾಗಿಸುತ್ತಿದ್ದರು. ಮದುವೆಯಾಗಿ ಇನ್ನೂ ಹೊಸತು. ಅವಳು ಮಧ್ಯಾಹ್ನದ ಊಟದ ಡಬ್ಬಿ ಹಿಡಿದು ಮೆಟ್ಟಿಲ ಬುಡಕ್ಕೆ ಬಂದು ನಿಂತಿದ್ದಳು. ಮೇಲಿನಿಂದ ಗಂಡನ ದನಿ ಕೇಳಿತು.

"ಸ್ವಲ್ಪ ಕೂತ್ಕೋತೀನಿ ಸಾರ್. ಎದೆ ಹಿಡ್ಕೊಂಡಂಗಿದೆ."

ಅದಕ್ಕೆ ಬಂದ ಉತ್ತರವೂ ಕೇಳಿತು. "ಗಟ್ಟಿಯಾಗಿರಪ್ಪ. ಇನ್ನೆರಡೇ ಪೆಟ್ಟಿಗೆ."

ಅವನು ಇಳಿದು ಬಂದು ಹೊತ್ತ ಮುಂದಿನ ಪೆಟ್ಟಿಗೆ ಮೆಟ್ಟಿಲ ತಿರುವಿನವರೆಗೆ ಹೋಯಿತು. ಅಲ್ಲಿ ಅವನು ಬಿದ್ದ. ಪೆಟ್ಟಿಗೆ ಉರುಳಿ ಪುಸ್ತಕಗಳು ಅವಳ ಕಾಲ ಹತ್ತಿರದವರೆಗೂ ಚೆಲ್ಲಿದವು. ಅವನನ್ನು ಕೆಳಗೆ ತಂದು ಮಲಗಿಸಿದಾಗ ಉಸಿರಿರಲಿಲ್ಲ. ಪ್ರಿನ್ಸಿಪಾಲರು ಇಳಿದು ಬಂದು, ಅವಳ ಮುಖ ಸರಿಯಾಗಿ ನೋಡದೆಯೇ, "ಗಟ್ಟಿಯಾಗಿರಮ್ಮ" ಎಂದರು. ಸಂಜೆಯೊಳಗೆ ಬೇರೆ ಆಳನ್ನು ಕರೆಸಿ ಉಳಿದ ಪೆಟ್ಟಿಗೆಗಳನ್ನು ಮೇಲೆ ಸಾಗಿಸಿದರು.

ಅವತ್ತಿನಿಂದ ಅತ್ತೆ ಬೆಳಿಗ್ಗೆ ಮುಖ ತೊಳೆದವಳೇ ಕಿಟಕಿಗೆ ಮುಖ ಮಾಡಿ ಒಂದು ಶಾಪ ಹಾಕುತ್ತಿದ್ದಳು. "ಅವನ ಕೈಕಾಲು ಬಿದ್ದುಹೋಗ್ಲಿ." ಆಮೇಲೆ ಚಹಾ. ಚಳಿಯಿರಲಿ, ಜ್ವರವಿರಲಿ, ಶಾಪ ತಪ್ಪುತ್ತಿರಲಿಲ್ಲ. ಸೊಸೆ ಬಾಯಿಬಿಟ್ಟು ಶಪಿಸಿದವಳಲ್ಲ. ಅವಳು ಆಸ್ಪತ್ರೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿ, ಅಲ್ಲಿನ ದಾದಿಯರನ್ನು ನೋಡಿ ರೋಗಿಗಳನ್ನು ಎತ್ತುವುದು, ಹೊರಳಿಸುವುದು ಕಲಿತಳು. ಬೆನ್ನು ಗಟ್ಟಿಯಾಯಿತು, ತೋಳು ಗಟ್ಟಿಯಾಯಿತು. ಒಳಗಿನದೂ ಗಟ್ಟಿಯಾಯಿತು. ಜನ ಮೆಚ್ಚಿ ಗಟ್ಟಿಗಿತ್ತಿ ಎಂದಾಗಲೆಲ್ಲ ಅವಳಿಗೆ ಆ ಮೆಟ್ಟಿಲು ನೆನಪಾಗುತ್ತಿತ್ತು.

ಹೀಗೇ ವರ್ಷಗಳು ಕಳೆದ ಮೇಲೆ ಒಂದು ದಿನ ಆಳುಗಳನ್ನು ಒದಗಿಸುವ ಕಚೇರಿಯಿಂದ ಫೋನು ಬಂತು. ನಿವೃತ್ತ ಪ್ರಿನ್ಸಿಪಾಲರೊಬ್ಬರಿಗೆ ಬಲಭಾಗ ಬಿದ್ದುಹೋಗಿದೆ, ಮಗಳೊಬ್ಬಳೇ ಇರುವುದು, ಅವಳಿಗೆ ನೀರು ಸರಬರಾಜು ಕಚೇರಿಯಲ್ಲಿ ಕೆಲಸ, ಹಗಲು ನೋಡಿಕೊಳ್ಳಲು ಒಬ್ಬರು ಬೇಕು. ವಿಳಾಸ ಕೇಳಿಸಿಕೊಂಡು ಅವಳು ಫೋನು ಕೆಳಗಿಟ್ಟು ಅತ್ತೆಯ ಮುಖ ನೋಡಿದಳು.

"ಅವರೇ?" ಎಂದಳು ಅತ್ತೆ.

"ಅವರೇ."

"ಯಾವ ಕಡೆ ಬಿದ್ದಿದ್ಯಂತೆ?"

"ಬಲಗಡೆ. ಕೈ, ಕಾಲು. ಮಾತೂ ತೊದಲುತ್ತಂತೆ."

ಅತ್ತೆ ಸ್ವಲ್ಪ ಹೊತ್ತು ತನ್ನ ಕೈಯನ್ನೇ ನೋಡಿಕೊಂಡಳು, ಕೆಲಸ ಚೆನ್ನಾಗಿ ಮುಗಿಸಿದ ಬಡಗಿ ನೋಡಿಕೊಳ್ಳುವ ಹಾಗೆ. "ಹೋಗು," ಎಂದಳು. "ನಾನು ನೆಟ್ಟಿದ್ದು ಫಲ ಬಿಟ್ಟಿದೆ. ನೀನು ಕೊಯ್ಕೊಂಡು ಬಾ."

ಪ್ರಿನ್ಸಿಪಾಲರಿಗೆ ಅವಳ ಗುರುತು ಹತ್ತಲಿಲ್ಲ. ಹತ್ತುವುದಕ್ಕೆ ಅವರು ಅವತ್ತು ನೋಡಿದ್ದಾದರೂ ಎಷ್ಟು? ಕೆಳಗಿನ ಕೋಣೆಯ ಮಂಚದ ಮೇಲೆ, ಬಾಯಿಯ ಒಂದು ಮೂಲೆ ಜೋತುಬಿದ್ದ, ಬಿಳಿ ಗಡ್ಡದ ಮುದುಕ. "ನಿನ್ನ... ಹೆಸರೇನಮ್ಮ?" ಎಂದು ತಡವರಿಸಿದರು. "ಎಲ್ಲ ಗಟ್ಟಿಗಿತ್ತಿ ಅಂತಾರೆ ಸಾರ್" ಎಂದಳು. ಅವರು ಅರ್ಧ ಬಾಯಿಯಲ್ಲಿ ನಕ್ಕರು. "ಒಳ್ಳೇ ಹೆಸರು."

ಮಗಳು ಒಳ್ಳೆಯವಳು. "ಅಕ್ಕಾ, ಅಪ್ಪನಿಗೆ ಬೇಜಾರು ಮಾಡಬೇಡಿ, ಅವರು ಯಾರಿಗೂ ನೋವು ಮಾಡಿದವರಲ್ಲ" ಎಂದು ಹೇಳಿ, ಚೀಲ ಹೆಗಲಿಗೇರಿಸಿ ಹೊರಟುಹೋಗುತ್ತಿದ್ದಳು. ಸಂಜೆಯವರೆಗೆ ಮನೆಯಲ್ಲಿ ಇಬ್ಬರೇ.

ಗಟ್ಟಿಗಿತ್ತಿ ಸೇಡಿನ ಕೆಲಸವನ್ನು ಸಣ್ಣದರಿಂದ ಶುರು ಮಾಡಿದಳು. ನೀರಿನ ಲೋಟವನ್ನು ಅವರ ಕೈಗೆ ಎಟುಕದಷ್ಟು ದೂರ ಇಡುತ್ತಿದ್ದಳು, ಅದೂ ಬಿದ್ದುಹೋದ ಬಲಗೈಯ ಕಡೆಗೆ. ಕರೆಯುವ ಗಂಟೆಯನ್ನು ಅಲ್ಲೇ ಆಚೆಗೆ. ಕುರ್ಚಿಯನ್ನು ಕಿಟಕಿಯಿಂದ ಗೋಡೆಯ ಕಡೆಗೆ ತಿರುಗಿಸುತ್ತಿದ್ದಳು. ನಡೆಸುವಾಗ ಅವರು ಸಾಕು ಎಂದರೂ ಕೋಣೆಯ ಇನ್ನೊಂದು ಸುತ್ತು ಹಾಕಿಸುತ್ತಿದ್ದಳು. ಸಂಜೆ ಮನೆಗೆ ಬಂದು ಎಲ್ಲವನ್ನೂ ಅತ್ತೆಗೆ ಒಪ್ಪಿಸುತ್ತಿದ್ದಳು.

"ಊಟಕ್ಕೆ ಉಪ್ಪು ಹಾಕದೆ ಕೊಡು" ಎಂದು ಅತ್ತೆ ಸಲಹೆ ಕೊಟ್ಟಳು.

"ಉಪ್ಪು ಹಾಕ್ಬೇಡಿ ಅಂತ ಡಾಕ್ಟರೇ ಹೇಳಿದಾರೆ ಅತ್ತೆ."

"ಹಂಗಾದ್ರೆ ಹಾಕಿ ಕೊಡು."

"ಅದು ಅವರಿಗೆ ಇಷ್ಟ ಆಗ್ಬಿಡುತ್ತೆ."

ಅತ್ತೆ ಯೋಚನೆಗೆ ಬಿದ್ದಳು. ರೋಗಿಯ ಮೇಲೆ ಹಗೆ ಸಾಧಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಅರ್ಧ ಶಿಕ್ಷೆಯನ್ನು ಡಾಕ್ಟರೇ ಬರೆದುಕೊಟ್ಟಿರುತ್ತಾರೆ.

ಆಮೇಲೆ ಆದದ್ದಂತೂ ಇನ್ನೂ ಅನ್ಯಾಯ. ದೂರ ಇಟ್ಟ ಲೋಟಕ್ಕೆ ಕೈ ಚಾಚಿ ಚಾಚಿ ಅವರ ಬಲಗೈ ಬೆರಳುಗಳು ಮಿಸುಕಾಡತೊಡಗಿದವು. ಒಂದು ದಿನ ಲೋಟದ ಅಂಚು ಮುಟ್ಟಿದರು, ಇನ್ನೊಂದು ದಿನ ಉರುಳಿಸಿದರು, ಮತ್ತೊಂದು ದಿನ ಅರ್ಧ ಚೆಲ್ಲಿಕೊಂಡಾದರೂ ಕುಡಿದರು. ಹೆಚ್ಚಿಗೆ ಹಾಕಿಸಿದ ಸುತ್ತುಗಳಿಂದ ಕಾಲಿಗೆ ಜೀವ ಬಂತು. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಯುವ ಡಾಕ್ಟರು ಅವರ ಮೊಣಕಾಲು ಮಡಿಸಿ ನೋಡಿ, ಗಟ್ಟಿಗಿತ್ತಿಯ ಕಡೆ ತಿರುಗಿ, "ಇದು ನಿಮ್ಮ ಕೈಗುಣ. ಬೇರೆಯವರಾದರೆ ಪಾಪ ಪಾಪ ಅಂತ ಎಲ್ಲ ಕೈಗೇ ಕೊಟ್ಟು ಮಲಗಿಸಿಬಿಡ್ತಾರೆ" ಎಂದರು. ಮಗಳು ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಗಟ್ಟಿಗಿತ್ತಿಗೆ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು.

"ನೀನು ಹೋಗಿದ್ದು ಅವನನ್ನ ಕೆಡವೋಕೋ, ಎಬ್ಬಿಸೋಕೋ?" ಎಂದು ಅತ್ತೆ ಅವತ್ತು ತಟ್ಟೆ ಕುಕ್ಕಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ಪ್ರಿನ್ಸಿಪಾಲರ ಹಳೆಯ ಶಿಷ್ಯರೊಬ್ಬರು ನೋಡಲು ಬಂದರು. ಈಗ ಅವರು ಪಾದ್ರಿ. ಕೂದಲು ಆಗಲೇ ನೆರೆಯುತ್ತಿತ್ತು. ಬರುವ ಭಾನುವಾರದ ಪ್ರಸಂಗಕ್ಕೆ ಒಂದು ಮಾತಿನ ಅರ್ಥ ಬೇಕಿತ್ತು ಅವರಿಗೆ. "ಹಜಾಕ್ ಬಗ್ಗೆ ಇನ್ನೊಮ್ಮೆ ಹೇಳಿ ಗುರುಗಳೇ. ನೀವು ಹೇಳಿದ ಹಾಗೆ ಇನ್ಯಾರೂ ಹೇಳಲಿಲ್ಲ" ಎಂದರು.

ಆ ಮಾತು ಕಿವಿಗೆ ಬಿದ್ದದ್ದೇ ಮುದುಕರ ಬೆನ್ನು ನೆಟ್ಟಗಾಯಿತು. ತೊದಲುವ ನಾಲಿಗೆಯಲ್ಲೇ, ಗಂಟಲಿನಾಳದಿಂದ ಹಕಾರ ಕೆರೆದು ತೆಗೆದು, "ಹಜಾಕ್" ಎಂದರು. ಗಟ್ಟಿಗಿತ್ತಿ ಅವರ ಕಾಲ ಬಳಿ ಕೂತು ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಯಾವುದೋ ಪರಭಾಷೆಯ ಮಾತು, ತನಗೇಕೆ ಎಂದುಕೊಂಡಳು.

"ಹೀಬ್ರೂನಲ್ಲಿ... ಬಲಕ್ಕೆ ಬೇಕಾದಷ್ಟು ಪದ ಇದೆ," ಎಂದು ಅವರು ನಿಧಾನವಾಗಿ ಬಿಡಿಸಿ ಹೇಳತೊಡಗಿದರು. "ಆದ್ರೆ ಇದು ಬೇರೆ. ಹೊಳೆ ದಾಟೋಕೆ ನಿಂತ ನಾಯಕನಿಗೆ ದೇವರು ಹೇಳೋದು ಇದೇ ಮಾತು. ಗಟ್ಟಿಯಾಗಿರು. ಒಡೆದ ಗೋಡೆ ಕಟ್ಟಿ ಸರಿಮಾಡಿದ್ರೆ, ಅದಕ್ಕೂ ಇದೇ. ಕೈ ಬಿಡದೆ ಹಿಡ್ಕೊಂಡ್ರೆ, ಅದಕ್ಕೂ ಇದೇ."

"ಗಟ್ಟಿಯಾಗಿ ಹಿಡಿ ಅಂತೀವಲ್ಲ, ಹಾಗೆ" ಎಂದರು ಪಾದ್ರಿ.

"ಹಾಗೇ. ಆಮೇಲೆ ಆ ಮೊಂಡ ಅರಸ, ಗುಲಾಮರನ್ನ ಬಿಡಲ್ಲ ಅಂದವನು. ಅವನ ಹೃದಯ ಕಲ್ಲಾಯ್ತು ಅನ್ನೋ ಕಡೆಯೂ... ಇದೇ ಮಾತು. ಅವನೂ ಗಟ್ಟಿಯಾದ."

ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು.

"ಇನ್ನೊಂದಿದೆಯಲ್ಲ ಗುರುಗಳೇ, ಶತ್ರುಗಳು ಕಣ್ಣು ಕಿತ್ತ ಬಲಶಾಲಿಯದು?"

"ಅದನ್ನ ಹೇಳೋಕೆ ನನಗೆ ಯಾವಾಗ್ಲೂ ಭಯ," ಎಂದರು ಮುದುಕರು. "ಅವನನ್ನ ಒಬ್ಬ ಹುಡುಗ ಕೈ ಹಿಡಿದು ಕರ್ಕೊಂಡು ಹೋಗಿ ಕಂಬದ ಹತ್ರ ನಿಲ್ಲಿಸ್ತಾನೆ. ಆ ಹಿಡಿಯೋದಕ್ಕೂ ಇದೇ ಮಾತು. ಕಂಬ ಮುಟ್ಟಿದವನು ಕೇಳ್ತಾನೆ, ಇದೊಂದು ಸಾರಿ ನನ್ನ ಗಟ್ಟಿಮಾಡು, ನನ್ನ ಕಣ್ಣಿನ ಸೇಡು ತೀರಿಸ್ಕೋತೀನಿ ಅಂತ. ಅಲ್ಲೂ ಇದೇ ಮಾತು."

"ದೇವರು ಕೊಟ್ಟನಾ ಸಾರ್?" ಎಂದು ಗಟ್ಟಿಗಿತ್ತಿ ಕೇಳಿಬಿಟ್ಟಳು.

ಇಬ್ಬರೂ ಕೆಳಗೆ ನೋಡಿದರು. "ಕೊಟ್ಟ," ಎಂದರು ಪ್ರಿನ್ಸಿಪಾಲರು. "ಅವನು ಕಂಬ ತಳ್ಳಿದ, ಮನೆ ಬಿತ್ತು. ಒಳಗಿದ್ದೋರೆಲ್ಲ ಸತ್ತರು. ಅವನೂ."

ಪಾದ್ರಿ ಹೊರಡಲು ಎದ್ದವರು, ನೆನಪಿಸಿಕೊಂಡು ನಕ್ಕರು. "ಇಷ್ಟೆಲ್ಲ ಇದ್ರೂ ನಾನು ಹೇಳೋದು ನಿಮ್ಮ ಜವಾನನ ಕಥೇನೇ. ತರಗತಿಯಲ್ಲಿ ಪ್ರತಿ ವರ್ಷ ಹೇಳ್ತಿದ್ರಲ್ಲ. ಎದೆ ನೋವು ಅಂದಾಗ ನೀವು ಕೂತ್ಕೋ ಅಂದ್ರಿ, ಅವನು ಇಲ್ಲ ಸಾರ್, ಇನ್ನೆರಡೇ ಪೆಟ್ಟಿಗೆ ಅಂತ ಹೊತ್ತುಕೊಂಡೇ ಪ್ರಾಣ ಬಿಟ್ಟ. ಅದು ಹಜಾಕ್ ಅಂತಿದ್ರಿ. ನಾವು ಕಣ್ಣೊರೆಸ್ಕೋತಿದ್ವಿ."

ಪ್ರಿನ್ಸಿಪಾಲರು ಕಿಟಕಿಯ ಕಡೆ ನೋಡಿದರು. "ಹೌದು," ಎಂದರು. "ಹೌದೌದು."

ಗಟ್ಟಿಗಿತ್ತಿ ಎಣ್ಣೆಯ ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಗೋಡೆಗೆ ಹಣೆ ಒತ್ತಿ ನಿಂತಳು. ಗಂಡ ಸತ್ತದ್ದು ಒಂದು. ಅವನ ಬಾಯಿಯಿಂದ ಬಂದ ಕಡೆಯ ಮಾತನ್ನೂ ಕಿತ್ತುಕೊಂಡು, ತಮ್ಮ ಮಾತನ್ನು ಅವನ ಬಾಯಿಗೆ ತುರುಕಿ, ಅದನ್ನೇ ವರ್ಷ ವರ್ಷ ಹುಡುಗರಿಗೆ ಬಡಿಸಿದ್ದಾರೆ.

ಅತ್ತೆಗೆ ಹೇಳಿದಾಗ ಅವಳು ಮೊದಲ ಬಾರಿಗೆ ಶಾಪ ಹಾಕಲಿಲ್ಲ. "ಕೈಕಾಲು ಬೀಳ್ಲಿ ಅಂದಿದ್ದೆ. ನಾಲಿಗೆ ಅನ್ನಬೇಕಿತ್ತು" ಎಂದಳು.

ಮಾರನೆಯ ವಾರ ಅವಕಾಶ ತಾನಾಗಿ ಕೂಡಿ ಬಂತು. ಪ್ರಿನ್ಸಿಪಾಲರ ಪುಸ್ತಕದ ಕೋಣೆ ಮಾಳಿಗೆಯ ಮೇಲಿತ್ತು. ಮೆಟ್ಟಿಲು ಹತ್ತಕೂಡದು ಎಂದು ಮಗಳು ಕಟ್ಟುನಿಟ್ಟು ಮಾಡಿದ್ದಳು. ಆದರೆ ಪಾದ್ರಿ ಬಂದು ಹೋದಂದಿನಿಂದ ಮುದುಕರ ಜೀವವೆಲ್ಲ ಮೇಲೆಯೇ ಇತ್ತು. "ಒಂದೇ ಸಾರಿ ಮೇಲೆ ಕರ್ಕೊಂಡು ಹೋಗಮ್ಮ. ಮಗಳಿಗೆ ಹೇಳೋದು ಬೇಡ" ಎಂದು ಅವರೇ ಅಂಗಲಾಚಿದರು.

"ಆಗ್ಲಿ ಸಾರ್" ಎಂದಳು.

ಅವಳು ಅವರ ಬೆನ್ನ ಹಿಂದೆ ಕೈಯಿಟ್ಟು, ಎಡಗೈಯಲ್ಲಿ ಕಂಬಿ ಹಿಡಿಸಿ, ಒಂದೊಂದೇ ಮೆಟ್ಟಿಲು ಹತ್ತಿಸಿದಳು. ಒಳ್ಳೆಯ ಕಾಲು ಮೊದಲು, ಆಮೇಲೆ ಸೊಟ್ಟಗಾಲು. ಬಾಯಲ್ಲಿ ಅವಳಿಗೇ ಗೊತ್ತಿಲ್ಲದೆ ಆ ಕಣ್ಣು ಕಿತ್ತವನ ಬೇಡಿಕೆ ಬಂದಿತ್ತು. ಇದೊಂದು ಸಾರಿ. ಇದೊಂದು ಸಾರಿ ನನ್ನ ಗಟ್ಟಿಮಾಡು. ತಿರುವಿಗೆ ಬರುವಷ್ಟರಲ್ಲಿ ಅವರ ಮುಖ ಬೂದಿಯಾಗಿತ್ತು, ಉಸಿರು ಸಿಳ್ಳೆ ಹಾಕುತ್ತಿತ್ತು.

"ಸ್ವಲ್ಪ... ಕೂತ್ಕೋತೀನಮ್ಮ."

ಅವಳು ಕೈ ತೆಗೆದಳು. ಅವರನ್ನು ದಾಟಿ ಎರಡು ಮೆಟ್ಟಿಲು ಮೇಲೆ ಹೋಗಿ, ತಿರುಗಿ ನಿಂತಳು. "ಗಟ್ಟಿಯಾಗಿರಿ ಸಾರ್," ಎಂದಳು. "ಇನ್ನೆರಡೇ ಪೆಟ್ಟಿಗೆ."

ಅವರು ಕಂಬಿಗೆ ಜೋತು ಬಿದ್ದು ಮೇಲೆ ನೋಡಿದರು. ಸೊಟ್ಟಗಾಲು ತರಗುಟ್ಟುತ್ತಿತ್ತು. ಮುಖದಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ ಒಂದೊಂದಾಗಿ ಎಲ್ಲ ಬಂತು.

"ನೀನು... ಅವನ ಹೆಂಡತಿ."

"ಹೌದು. ಊಟದ ಡಬ್ಬಿ ಹಿಡ್ಕೊಂಡು ಕೆಳಗೆ ನಿಂತಿದ್ದೆ. ಅವರು ಏನಂದ್ರು, ನೀವೇನಂದ್ರಿ, ಎರಡೂ ಈ ಕಿವೀಲಿ ಕೇಳಿದೀನಿ."

"ಅವನ ಎದೆ ಅಷ್ಟು ಕೆಟ್ಟಿದೆ ಅಂತ ನನಗೇನು ಗೊತ್ತಮ್ಮ?"

"ಗೊತ್ತಿರ್ಲಿಲ್ಲ, ಬಿಡಿ. ಸತ್ತ ಮೇಲೆ ಗೊತ್ತಾಯ್ತಲ್ಲ. ಆಮೇಲೆ ಯಾಕೆ ಸುಳ್ಳು ಹೇಳಿದ್ರಿ?"

ಕಂಬಿ ಹಿಡಿದ ಬೆರಳುಗಳು ಬೆಳ್ಳಗಾಗಿ ಒಂದೊಂದೇ ಸಡಿಲವಾಗುತ್ತಿದ್ದವು. ಅವಳು ನೋಡುತ್ತ ನಿಂತಳು. ಹೀಗೆ ನಿಂತು ನೋಡುವ ಗಳಿಗೆಗಾಗಿಯೇ ಇಷ್ಟು ವರ್ಷ ಬದುಕಿದ್ದೆನೇನೋ ಅನ್ನಿಸಿತು. ಸುಮ್ಮನೆ ನಿಂತರೆ ಸಾಕಿತ್ತು, ಬೆರಳೂ ಎತ್ತಬೇಕಾಗಿರಲಿಲ್ಲ. ನಿಂತದ್ದು ಎಷ್ಟು ಹೊತ್ತೋ ಅವಳಿಗೆ ಆಮೇಲೂ ತಿಳಿಯಲಿಲ್ಲ. ಆದರೆ ನಿಂತಿದ್ದಾಗ ಒಂದು ಮಾತು ಹೊಳೆಯಿತು: ಇವರು ಈಗ ಸತ್ತರೆ ಆ ಸುಳ್ಳಿಗೆ ಸಾವಿಲ್ಲ. ಪಾದ್ರಿಗಳು ಅದನ್ನು ಹೇಳುತ್ತಲೇ ಇರುತ್ತಾರೆ, ಕೇಳಿದವರು ಕಣ್ಣೊರೆಸಿಕೊಳ್ಳುತ್ತಲೇ ಇರುತ್ತಾರೆ.

ಕೆಳಗಿಳಿದು, ಕಂಕುಳಿಗೆ ಕೈ ಕೊಟ್ಟು, ಅವರನ್ನು ಮೆಟ್ಟಿಲ ಮೇಲೆ ಕೂರಿಸಿದಳು.

"ನಿಮ್ಮ ಹೆಣ ನನಗೆ ಬೇಡ ಸಾರ್. ನೀವು ಬದುಕಬೇಕು. ನಾಲಿಗೆ ಸರಿಯಾಗೋವರೆಗಾದರೂ ಬದುಕಬೇಕು."

ಅವರನ್ನು ಅವಳು ಕೆಳಗೂ ಇಳಿಸಲಿಲ್ಲ, ಮೇಲೂ ಹತ್ತಿಸಲಿಲ್ಲ. ನೀರು ಕೊಟ್ಟಳು, ಬೆನ್ನಿಗೆ ದಿಂಬು ಕೊಟ್ಟಳು, ಮೇಲಿನ ಮೆಟ್ಟಿಲಲ್ಲಿ ತಾನೂ ಕೂತಳು. ಮಗಳು ಬರುವವರೆಗೆ ಇಬ್ಬರೂ ಹಾಗೇ ಇದ್ದರು. ಒಂದು ಸಲ ಅವರು, "ಅವಳಿಗೆ ಹೇಳಬೇಡಮ್ಮ, ಆ ಕಥೆ ಕೇಳ್ಕೊಂಡೇ ಬೆಳೆದವಳು" ಎಂದರು. ಗಟ್ಟಿಗಿತ್ತಿ ಕೇಳದವಳಂತೆ ಬೀದಿಯ ಸದ್ದಿಗೆ ಕಿವಿಗೊಟ್ಟಳು.

ಮಗಳು ಬಾಗಿಲು ತೆರೆದು, ಮೆಟ್ಟಿಲ ಮೇಲೆ ಕೂತ ಅಪ್ಪನನ್ನು ಕಂಡು ಚೀಲ ಕೆಳಗೆ ಹಾಕಿದಳು. ಗಟ್ಟಿಗಿತ್ತಿ ಎದ್ದು ನಿಂತು, ದನಿ ಎತ್ತದೆ, ತಾನು ಯಾರು, ಅವತ್ತು ಏನಾಯಿತು, ಇವತ್ತು ತಾನು ಏನು ಮಾಡಿದೆ, ಎಲ್ಲವನ್ನೂ ಹೇಳಿದಳು. ತಾನು ಕೈ ಬಿಟ್ಟದ್ದನ್ನೂ ಮುಚ್ಚಿಡಲಿಲ್ಲ. ಮಗಳ ಮುಖ ಮೊದಲು ಕೆಂಪಾಯಿತು, ಆಮೇಲೆ ಬಣ್ಣವೇ ಉಳಿಯಲಿಲ್ಲ.

"ಸುಳ್ಳಲ್ವಾ ಅಪ್ಪ ಇದು? ನೀವು ಕೂತ್ಕೋ ಅಂದಿದ್ರಿ ತಾನೇ?"

ಮುದುಕರು ತಲೆ ಅಲ್ಲಾಡಿಸಿದರು. "ಅನ್ನಲಿಲ್ಲ" ಎಂದರು. ಕಾಯಿಲೆ ಬಂದ ಮೇಲೆ ಅವರು ತೊದಲದೆ ಆಡಿದ ಮೊದಲ ಮಾತು ಅದು.

ಮಗಳು ಅವಳಿಗೆ ಬಾಗಿಲು ತೋರಿಸಿದಳು. ಕೆಲಸ ಹೋಯಿತು. ಗಟ್ಟಿಗಿತ್ತಿಗೆ ಅದರ ಚಿಂತೆಯಿರಲಿಲ್ಲ. ಆದರೆ ನಾಲ್ಕಾರು ದಿನ ಕಳೆಯುವಷ್ಟರಲ್ಲಿ ಮಗಳೇ ಬೀಗದಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ ಬಂದಳು. ಅತ್ತೆ ಬಟಾಣಿ ಸುಲಿಯುತ್ತಿದ್ದಳು. ಕೂರಲು ಹೇಳಲಿಲ್ಲ, ಹೋಗಲೂ ಹೇಳಲಿಲ್ಲ.

"ಅಪ್ಪ ಊಟ ಮಾಡ್ತಿಲ್ಲ," ಎಂದಳು ಮಗಳು. "ನನಗೂ ಅವರ ಮುಖ ನೋಡೋಕಾಗ್ತಿಲ್ಲ. ನಿಮಗೇನು ಬೇಕು ಅಂತ ಕೇಳ್ಕೊಂಡು ಬಾ ಅಂದ್ರು."

"ನಂಗೆ ಮಗ ಬೇಕು," ಎಂದಳು ಅತ್ತೆ.

ಮಗಳು ಅತ್ತಳು. ಅತ್ತೆ ಅಳುವುದಕ್ಕೆ ಬಿಟ್ಟು, ಒಂದು ಹಿಡಿ ಬಟಾಣಿ ಸುಲಿದು ಮುಗಿಸಿ ಮಾತಾಡಿದಳು. "ಕೇಳು ತಾಯಿ. ನೀನು ಮಾಡಿದ್ದಲ್ಲ, ನಿನ್ನ ಮೇಲೆ ಸಿಟ್ಟಿಲ್ಲ. ನಿಮ್ಮಪ್ಪ ಎಲ್ಲಿ ನಿಂತು ಆ ಸುಳ್ಳು ಹೇಳಿದ್ನೋ, ಅಲ್ಲೇ ನಿಂತು ನಿಜ ಹೇಳ್ಲಿ. ಕುರ್ಚೀಲಿ ಕೂತ್ಕೊಂಡಲ್ಲ. ನಿಂತ್ಕೊಂಡು."

"ಅವರಿಗೆ ನಿಲ್ಲೋಕೆ ಆಗಲ್ವಲ್ಲ."

"ನಿಲ್ಲೋ ಹಾಗೆ ಇವಳು ಮಾಡ್ತಾಳೆ" ಎಂದು ಅತ್ತೆ ಸೊಸೆಯ ಕಡೆ ಗಲ್ಲ ತೋರಿಸಿದಳು.

ಹೀಗೆ ಗಟ್ಟಿಗಿತ್ತಿ ಮತ್ತೆ ಅದೇ ಮನೆಗೆ ಹೋದಳು. ಕಾಲೇಜಿನಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರುವ ದಿನಕ್ಕೆ ಇನ್ನೂ ಸಮಯವಿತ್ತು. ಅಷ್ಟರೊಳಗೆ ಮುದುಕರು ಯಾರ ಆಸರೆಯೂ ಇಲ್ಲದೆ ನಿಲ್ಲಬೇಕು, ಕೇಳುವ ಹಾಗೆ ಮಾತಾಡಬೇಕು. ಮೊದಲು ಲೋಟ ದೂರ ಇಟ್ಟದ್ದು ಕದ್ದು ಮಾಡಿದ ಕೆಲಸವಾಗಿತ್ತು, ಈಗ ಇಬ್ಬರಿಗೂ ತಿಳಿದೇ ನಡೆಯುತ್ತಿತ್ತು. ಅವಳು ಕರುಣೆಯ ಒಂದು ಮಾತನ್ನೂ ಆಡಲಿಲ್ಲ. ಅವರೂ ಕೇಳಲಿಲ್ಲ. ಬಿದ್ದರೆ ಎತ್ತುತ್ತಿದ್ದಳು, ಮತ್ತೆ ನಿಲ್ಲಿಸುತ್ತಿದ್ದಳು.

ನಾಲಿಗೆಯ ವ್ಯಾಯಾಮಕ್ಕೆ ಡಾಕ್ಟರು ಸುಲಭದ ವಾಕ್ಯಗಳನ್ನು ಹೇಳಿಸಿ ಎಂದಿದ್ದರು. ಬೆಕ್ಕು ಹಾಲು ಕುಡಿಯಿತು, ಬಾಗಿಲು ತೆರೆಯಿರಿ, ಅಂಥವು. ಗಟ್ಟಿಗಿತ್ತಿ ಹೇಳಿಸಿದ್ದು ಬೇರೆ.

"ಅವನು ಕೂತ್ಕೋತೀನಿ ಅಂದ. ಹೇಳಿ."

"ಅವನು ಕೂ... ಕೂತ್ಕೋತೀನಿ ಅಂದ."

"ನಾನು ಬಿಡಲಿಲ್ಲ. ಹೇಳಿ."

"ನಾನು ಬಿ... ಬಿಡ..."

"ಇನ್ನೊಂದು ಸಾರಿ."

ಬೆಳಿಗ್ಗೆ ತಿಂಡಿಗೆ ಮುಂಚೆ, ಮಧ್ಯಾಹ್ನ ನಿದ್ದೆಗೆ ಮುಂಚೆ. ಕೆಲವು ದಿನ ಅವರು ಹೇಳುತ್ತ ಹೇಳುತ್ತ ಅತ್ತರು. ಮೂಗು ಒರೆಸಿ ಮತ್ತೆ ಹೇಳಿಸಿದಳು. ವ್ಯಾಯಾಮದ ಡಾಕ್ಟರು ಒಮ್ಮೆ ಬಾಗಿಲಲ್ಲಿ ನಿಂತು ಕೇಳಿ, "ಇದೆಂಥ ವಾಕ್ಯ ಅಕ್ಕ? ಒಳ್ಳೇದೇನಾದ್ರೂ ಹೇಳಿಸಬಾರದಾ?" ಎಂದರು. "ಇದೇ ಒಳ್ಳೇದು" ಎಂದರು ರೋಗಿ.

ಒಂದು ದಿನ ನಡೆಯುವಾಗ ಮುದುಕರು ನಿಂತು ಅವಳನ್ನು ಕೇಳಿದರು. "ನಿನಗೆ ಇದರಿಂದ ಸಮಾಧಾನ ಆಗುತ್ತಾ?"

"ಆಗುತ್ತೆ ಸಾರ್," ಎಂದಳು. ಅದು ನಿಜವೇ ಆಗಿತ್ತು. ಅವರ ಬಾಯಿಂದ ಆ ವಾಕ್ಯ ಹೊರಬಂದಾಗಲೆಲ್ಲ ಅವಳ ಹೊಟ್ಟೆಯಲ್ಲಿ ಏನೋ ತಣ್ಣಗಾಗುತ್ತಿತ್ತು. ಹಗೆ ತೀರಿಸಿಕೊಂಡರೆ ಕಹಿಯೇ ಉಳಿಯುತ್ತದೆ ಎನ್ನುವವರ ಮಾತು ಅವಳ ಮಟ್ಟಿಗೆ ಸುಳ್ಳಾಯಿತು. ಸಿಹಿಯಾಗಿಯೇ ಇತ್ತು.

ಆ ದಿನ ಕಾಲೇಜಿನ ಪ್ರಾರ್ಥನಾ ಮಂದಿರ ತುಂಬಿತ್ತು. ಬಿಳಿ ಅಂಗಿಯ ಪಾದ್ರಿಗಳು, ನೆರೆತ ತಲೆಗಳು, ಹೊಸ ವಿದ್ಯಾರ್ಥಿಗಳು. ಅತ್ತೆ ಸೊಸೆ ಹಿಂದಿನ ಬೆಂಚಿನಲ್ಲಿ ಕೂತರು. ಪ್ರಿನ್ಸಿಪಾಲರು ಕೋಲೂರಿಕೊಂಡು ಮುಂದೆ ನಡೆದು ಹೋದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಕುರ್ಚಿಯನ್ನು ಕೈಯಿಂದ ಬೇಡವೆಂದು, ನಿಂತೇ ಶುರು ಮಾಡಿದರು. ಹಜಾಕ್ ಎಂದರು. ತಾವು ಇಷ್ಟು ವರ್ಷ ಹೇಳಿದ ಜವಾನನ ಕಥೆ ಸುಳ್ಳು ಎಂದರು. ಅವನು ಕೂತ್ಕೋತೀನಿ ಅಂದ, ನಾನು ಬಿಡಲಿಲ್ಲ ಎಂದರು. ದನಿ ಸಣ್ಣದಾಗಿತ್ತು, ಅರ್ಧ ಮಾತು ಗಡ್ಡದಲ್ಲೇ ಉಳಿಯುತ್ತಿತ್ತು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಬೆಂಚಿನ ಒಬ್ಬರು ಪಕ್ಕದವರಿಗೆ, "ಪಾಪ, ತಲೆಗೂ ಏರಿದೆ ಅಂತ ಕಾಣುತ್ತೆ. ಏನೇನೋ ಹೇಳ್ತಿದಾರೆ" ಎಂದದ್ದು ಹಿಂದಿನವರೆಗೂ ಕೇಳಿತು. ಇನ್ನೊಬ್ಬರು ಎದ್ದು ಹೋಗಿ ಅವರ ತೋಳು ಹಿಡಿದು, "ಸಾಕು ಗುರುಗಳೇ, ದಣಿದಿದ್ದೀರಿ, ಬನ್ನಿ ಕೂತ್ಕೊಳ್ಳಿ" ಎಂದು ಮೆಲ್ಲಗೆ ಎಳೆದರು. ಗಟ್ಟಿಗಿತ್ತಿ ಎಲ್ಲ ಲೆಕ್ಕ ಹಾಕಿದ್ದಳು, ನಂಬದೆ ಹೋದರೆ ಎಂಬುದೊಂದನ್ನು ಹಾಕಿರಲಿಲ್ಲ.

ಆಗ ಪಕ್ಕದಲ್ಲಿ ಅತ್ತೆ ಎದ್ದು ನಿಂತಳು. ಮುಂದಿನ ಬೆಂಚಿನ ಬೆನ್ನು ಹಿಡಿದುಕೊಂಡು, ಬೆಳಗಿನ ಕಿಟಕಿಯಲ್ಲಿ ಮಾತ್ರ ಬಳಕೆಯಾಗುತ್ತಿದ್ದ ಆ ದನಿಯಲ್ಲಿ ಹೇಳಿದಳು.

"ಅವರ ತಲೆ ಸರಿಯಾಗೇ ಇದೆ. ಸತ್ತವನು ನನ್ನ ಮಗ. ಅವರನ್ನ ಬಿಡ್ರಪ್ಪ, ಹೇಳ್ಲಿ. ಇನ್ನೊಂದು ಸಾರಿ ಹೇಳಿ ಪ್ರಿನ್ಸಿಪಾಲರೇ. ಗಟ್ಟಿಯಾಗಿ ಹೇಳಿ, ಹಿಂದಿದ್ದೋರಿಗೆ ಕೇಳಿಸ್ಲಿಲ್ಲ."

ತೋಳು ಹಿಡಿದವರು ಬಿಟ್ಟರು. ಮುದುಕರು ಕೋಲನ್ನು ಬಿಗಿಹಿಡಿದು, ಕತ್ತೆತ್ತಿ, ಮತ್ತೊಮ್ಮೆ ಹೇಳಿದರು. ಈ ಸಲ ಎಲ್ಲರಿಗೂ ಕೇಳಿಸಿತು. ಅವತ್ತು ಹಜಾಕ್ ಕೇಳಲು ಮನೆಗೆ ಬಂದಿದ್ದ ಪಾದ್ರಿ ಮುಖ ಮುಚ್ಚಿಕೊಂಡು ಕೂತಿದ್ದರು. ಹೊರಗೆ ಬರುವಾಗ ಅವರು ಅತ್ತೆಯ ಮುಂದೆ ನಿಂತು ಏನೋ ಹೇಳಲು ಹೋದರು. ಅತ್ತೆ, "ಕಾಲು ನೋಯ್ತಿದೆ ಸ್ವಾಮಿ, ದಾರಿ ಬಿಡಿ" ಎಂದು ದಾಟಿ ನಡೆದಳು.

ಗಟ್ಟಿಗಿತ್ತಿ ಮಾರನೆಯ ದಿನದಿಂದ ಆ ಮನೆಗೆ ಹೋಗಲಿಲ್ಲ. ಬೇರೆ ಬೀದಿಯಲ್ಲಿ ಸೊಂಟ ಮುರಿದ ಹೊಲಿಗೆಯವಳೊಬ್ಬಳನ್ನು ನೋಡಿಕೊಳ್ಳುವ ಕೆಲಸ ಹಿಡಿದಳು. ಮಗಳು ಒಂದೆರಡು ಸಲ ಫೋನು ಮಾಡಿ, ಹೊಸದಾಗಿ ಬಂದ ಆಳಿಗೆ ಎತ್ತುವುದು ಬರುವುದಿಲ್ಲ ಎಂದಾಗ, ಮೊಣಕಾಲಿಗೆ ಮೊಣಕಾಲು ಹೇಗೆ ಕೊಡಬೇಕೆಂದು ಫೋನಿನಲ್ಲೇ ವಿವರಿಸಿದಳು. ಅವರು ಹೇಗಿದ್ದಾರೆ ಎಂದು ಕೇಳಲಿಲ್ಲ.

ಮುಂದಿನ ವರ್ಷ ಪ್ರಿನ್ಸಿಪಾಲರು ತೀರಿಕೊಂಡ ಸುದ್ದಿ ಬಂದಾಗ ಅತ್ತೆ ಸೊಸೆ ಊಟಕ್ಕೆ ಕೂತಿದ್ದರು.

"ಹೋಗ್ತೀಯಾ?" ಎಂದಳು ಅತ್ತೆ.

"ಇಲ್ಲ."

"ಕ್ಷಮಿಸಿದ್ಯಾ ಅವನನ್ನ?"

ಗಟ್ಟಿಗಿತ್ತಿ ಯೋಚಿಸಿದಳು. "ಇಲ್ಲ. ನೀವು?"

"ನಾನ್ಯಾಕೆ ಕ್ಷಮಿಸ್ಲಿ. ಆದ್ರೆ ಅವನನ್ನ ಬೈಯ್ಯೋದು ಮರ್ತೇಹೋಗಿದೆ ನೋಡು. ಬೆಳಿಗ್ಗೆ ಎದ್ದು ಸೀದಾ ಚಹಾ ಕುಡೀತಿದೀನಿ, ಯಾವಾಗಿಂದ ಅಂತ್ಲೇ ಗೊತ್ತಿಲ್ಲ."

ಸೊಸೆ ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಅತ್ತೆ ಬೇಡ ಎನ್ನಲಿಲ್ಲ.